ಸೊಂಟಕ್ಕೋ, ಮಂಡಿಗೋ, ಕಣಕಾಲಿಗೋ: ನಡಿಗೆಯ ಎಕ್ಸೋಸ್ಕೆಲಿಟನ್ ಆರಿಸುವ ಮುನ್ನ

ಕಳೆದ ಸಲ ದಿನವಿಡೀ ನಡೆದು ಬಂದಾಗ ನಿಮ್ಮ ಮೈಯಲ್ಲಿ ಮೊದಲು ಸೋತದ್ದು ಯಾವ ಭಾಗ? ಒಂದು ನಿಮಿಷ ನೆನಪಿಸಿಕೊಳ್ಳಿ. ಏರು ಹತ್ತುವಾಗ ತೊಡೆ ಬಿಗಿದು ಏದುಸಿರು ಬಂತಾ? ಇಳಿಯುವಾಗ ಮಂಡಿ ನಡುಗಿತಾ? ಅಥವಾ ಸಮತಟ್ಟು ದಾರಿಯಲ್ಲೇ ಗಂಟೆಗಟ್ಟಲೆ ನಡೆದು ಮೀನಖಂಡ ಕಲ್ಲಾಯಿತಾ? ಎಕ್ಸೋಸ್ಕೆಲಿಟನ್, ಅಂದರೆ ಮೈಗೆ ಹೊರಗಿನಿಂದ ಕಟ್ಟಿಕೊಂಡು ನಡಿಗೆಗೆ ಬಲ ಪಡೆಯುವ ಯಂತ್ರ, ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೋಟಾರು ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ಕಿಲೋಮೀಟರ್ ಬರುತ್ತದೆ ಅಂತ ಮೊದಲು ಕೇಳುತ್ತಾರೆ. ಅವೆಲ್ಲ ಆಮೇಲಿನ ಮಾತು. ಈಗ ಸಿಗುವ ಹೆಚ್ಚಿನ ಯಂತ್ರಗಳು ಇಡೀ ಕಾಲಿಗೆ ಸಹಾಯ ಮಾಡುವುದಿಲ್ಲ, ಒಂದೊಂದೂ ಒಂದು ಕೀಲಿಗೆ ಮಾತ್ರ ಬಲ ಕೊಡುತ್ತದೆ. ಮಂಡಿ ಸೋಲುವವರು ಸೊಂಟದ ಯಂತ್ರ ಕಟ್ಟಿಕೊಂಡರೆ ಎರಡು ಕೆಜಿ ಭಾರ ಹೊತ್ತು ಅದೇ ನೋವಿನಲ್ಲಿ ಮನೆಗೆ ಬರುತ್ತಾರೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಡೆಯಲು ಆಗದವರನ್ನು ಎದ್ದು ನಿಲ್ಲಿಸುವ ವೈದ್ಯಕೀಯ ಎಕ್ಸೋಸ್ಕೆಲಿಟನ್‌ಗಳು ಬೇರೆಯೇ ಜಾತಿ. ಬೆನ್ನುಹುರಿಗೆ ಪೆಟ್ಟಾದವರು ಮನೆಯಲ್ಲೂ ಬಳಸಬಹುದು ಅಂತ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೀವಾಕ್ ಆ ಗುಂಪಿಗೆ ಸೇರುತ್ತದೆ. ಚರ್ಮದ ಮೇಲಿನ ಸ್ನಾಯು ಸಂಕೇತ ಹಿಡಿದು ಕೆಲಸ ಮಾಡುವ ಜಪಾನಿನ ಹಾಲ್ ಎಂಬ ಸಾಧನ ಕೂಡ ಅಲ್ಲಿಯದೇ. ಅವನ್ನು ವೈದ್ಯರು, ಫಿಸಿಯೋಥೆರಪಿಸ್ಟ್‌ಗಳ ಜೊತೆ ಕೂತು ಆರಿಸಬೇಕು. ನಾನಿಲ್ಲಿ ಬರೆಯುತ್ತಿರುವುದು ನಡೆಯಬಲ್ಲವರು ಇನ್ನಷ್ಟು ದೂರ, ಕಡಿಮೆ ದಣಿವಿನಲ್ಲಿ ನಡೆಯಲು ಕಟ್ಟಿಕೊಳ್ಳುವ ಹಗುರ ಸಾಧನಗಳ ಬಗ್ಗೆ ಮಾತ್ರ.

ಯಾವ ಕೀಲು ಏನು ಮಾಡುತ್ತದೆ

ಸಮತಟ್ಟು ನೆಲದಲ್ಲಿ ನಮ್ಮನ್ನು ಮುಂದಕ್ಕೆ ತಳ್ಳುವ ದೊಡ್ಡ ಪಾಲು ಕೆಲಸ ಕಣಕಾಲಿನದು. ಹಿಂದಿನ ಪಾದ ನೆಲ ಬಿಡುವ ಮುಂಚೆ ಹಿಮ್ಮಡಿ ಮೇಲೆದ್ದು ಒಂದು ಒತ್ತು ಕೊಡುತ್ತದಲ್ಲ, ಅದೇ. ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ಸೇರಿ ಸ್ಪ್ರಿಂಗ್ ಹಾಗೆ ಹಿಗ್ಗಿ ಕುಗ್ಗಿ ಆ ಒತ್ತು ಹುಟ್ಟಿಸುತ್ತವೆ. ಸೊಂಟದ ಕೀಲು ತೊಡೆಯನ್ನು ಎತ್ತಿ ಮುಂದಕ್ಕೆ ಬೀಸುತ್ತದೆ, ಪಾದ ಊರಿದ ಮೇಲೆ ಮೈಯನ್ನು ಅದರ ಮೇಲೆ ಎಳೆದುಕೊಳ್ಳುತ್ತದೆ. ಏರು ಬಂದಾಗ ಸೊಂಟದ ಪಾಲು ಜಾಸ್ತಿಯಾಗುತ್ತದೆ. ಮಂಡಿ ಏರಿನಲ್ಲೂ ಮೆಟ್ಟಿಲಿನಲ್ಲೂ ದುಡಿಯುತ್ತದೆ, ಆದರೆ ಅದರ ನಿಜವಾದ ಪರೀಕ್ಷೆ ಇಳಿಜಾರು. ಇಳಿಯುವಾಗ ಮಂಡಿಯೇ ಬ್ರೇಕು. ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿದಿಡಬೇಕು. ಎರಡು ದಿನ ಬಿಟ್ಟು ಮೆಟ್ಟಿಲು ಇಳಿಯುವಾಗ ಅಯ್ಯೋ ಅನ್ನಿಸುವ ನೋವು ಬರುವುದು ಹೆಚ್ಚಾಗಿ ಈ ಕೆಲಸದಿಂದಲೇ.

ಸೊಂಟದ ಯಂತ್ರಗಳು

ಅಂಗಡಿಗೆ ಬಂದಿರುವ ಸಾಧನಗಳಲ್ಲಿ ಬಹುಪಾಲು ಇವೇ. ಸೊಂಟಕ್ಕೆ ಅಗಲ ಬೆಲ್ಟು, ಎರಡೂ ಪಕ್ಕದಲ್ಲಿ ಒಂದೊಂದು ಮೋಟಾರು, ಅಲ್ಲಿಂದ ಇಳಿದು ತೊಡೆಗೆ ಕಟ್ಟುವ ಒಂದೊಂದು ತೋಳು, ಬೆನ್ನ ಹಿಂದೆ ಬ್ಯಾಟರಿ. ಚೀನಾದ ಹೈಪರ್‌ಶೆಲ್ ಮತ್ತು ಡಿಎನ್‌ಸಿಸ್ ಕಂಪನಿಗಳ ಹೆಸರು ನೀವು ಕೇಳಿರಬಹುದು. ಹೈಪರ್‌ಶೆಲ್ 2023ರಲ್ಲಿ, ಡಿಎನ್‌ಸಿಸ್ ಎಕ್ಸ್1 2024ರಲ್ಲಿ, ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ಜನರ ಮುಂದೆ ಬಂದವು. ಭಾರ ಒಂದೂವರೆಯಿಂದ ಎರಡು ಕೆಜಿ ಆಸುಪಾಸು. ದಕ್ಷಿಣ ಕೊರಿಯಾದ ವಿಮ್ ಸ್ವಲ್ಪ ಬೇರೆ ದಾರಿ ಹಿಡಿದಿದೆ. ಅದರಲ್ಲಿ ಎರಡು ಕಾಲಿಗೂ ಸೇರಿ ಒಂದೇ ಮೋಟಾರು, ಗಮನವೆಲ್ಲ ವಯಸ್ಸಾದವರ ದಿನನಿತ್ಯದ ನಡಿಗೆಯ ಮೇಲೆ. ಇವೆಲ್ಲಕ್ಕೂ ಮುಂಚೆ, 2015ರಲ್ಲೇ, ಹೊಂಡಾ ಕಂಪನಿ 2.7 ಕೆಜಿಯ ಸೊಂಟದ ಸಾಧನವನ್ನು ಜಪಾನಿನ ಆಸ್ಪತ್ರೆಗಳಂಥ ಕಡೆ ಬಾಡಿಗೆಗೆ ಕೊಡಲು ಶುರು ಮಾಡಿತ್ತು.

ಸೊಂಟದ ಜಾಗಕ್ಕೆ ಒಂದು ದೊಡ್ಡ ಅನುಕೂಲ ಇದೆ. ಭಾರವೆಲ್ಲ ಮೈಯ ನಡುವೆ ಇರುತ್ತದೆ. ಪಾದಕ್ಕೆ ಕಟ್ಟಿದ ಒಂದು ಕೆಜಿ, ಸೊಂಟಕ್ಕೆ ಕಟ್ಟಿದ ಒಂದು ಕೆಜಿಗಿಂತ ಹಲವು ಪಟ್ಟು ಹೆಚ್ಚು ಶಕ್ತಿ ತಿನ್ನುತ್ತದೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ, ಬೀಸಿ, ನಿಲ್ಲಿಸಬೇಕಲ್ಲ. ಭಾರವಾದ ಬೂಟು ಹಾಕಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಸೊಂಟದ ಯಂತ್ರದ ಬ್ಯಾಟರಿ ಮುಗಿದರೂ ಅದು ಬರೀ ಎರಡು ಕೆಜಿ ಲಗೇಜು, ಕಾಲಿಗೆ ಕಟ್ಟಿದ ಗುಂಡಲ್ಲ.

ಕಟ್ಟಿಕೊಂಡಾಗ ಹೇಗಿರುತ್ತದೆ? ನಾನು ಮೊದಲ ಸಲ ಏರು ಹತ್ತಿದಾಗ ಯಾರೋ ತೊಡೆಯ ಕೆಳಗೆ ಕೈ ಕೊಟ್ಟು ಎತ್ತಿದ ಹಾಗೆ ಅನ್ನಿಸಿತು. ಮೊದಲ ಹತ್ತು ನಿಮಿಷ ಕಾಲು ನನ್ನ ಮಾತು ಕೇಳುತ್ತಿಲ್ಲವೇನೋ ಅಂತ ಗಾಬರಿ. ಆಮೇಲೆ ಮರೆತೇಹೋಯಿತು. ಅದು ನಿಜಕ್ಕೂ ಏನು ಮಾಡುತ್ತಿತ್ತು ಅಂತ ಗೊತ್ತಾದದ್ದು ಏರಿನ ಮಧ್ಯೆ ಆಫ್ ಮಾಡಿದಾಗ. ಒಂದೇ ಸಲಕ್ಕೆ ಕಾಲು ಕೆಸರಿನಲ್ಲಿ ಇಳಿದಂತಾಯಿತು.

ಏರು, ಮೆಟ್ಟಿಲು, ಉದ್ದನೆಯ ದಾರಿ, ತೊಡೆ ಬೇಗ ಸೋಲುವುದು, ಏದುಸಿರು: ಇವು ನಿಮ್ಮ ಕಷ್ಟವಾದರೆ ಸೊಂಟದ್ದನ್ನೇ ನೋಡಿ, ಬೇರೆ ಯೋಚನೆ ಬೇಡ. ಚೀನಾದ ತೈ ಪರ್ವತದಲ್ಲಿ ಆರು ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅಲ್ಲಿ 2025ರಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಶುರು ಮಾಡಿದ್ದೂ ಸೊಂಟ ಮತ್ತು ತೊಡೆಗೆ ಕಟ್ಟುವ ಇಂಥದ್ದೇ ಸಾಧನ. ಹತ್ತುವ ಕೆಲಸಕ್ಕೆ ಅದು ಹೊಂದುತ್ತದೆ. ಇಳಿಯುವಾಗ ಮಾತ್ರ ಅದರಿಂದ ದೊಡ್ಡ ಉಪಕಾರ ನಿರೀಕ್ಷಿಸಬೇಡಿ. ಕೆಲವು ಮಾದರಿಗಳಲ್ಲಿ ಇಳಿಜಾರಿಗೆ ಬೇರೆ ಮೋಡ್ ಇದೆ, ತೊಡೆಯ ಓಟ ಸ್ವಲ್ಪ ತಡೆಯುತ್ತದೆ, ಆದರೆ ಮಂಡಿಯ ಮೇಲೆ ಬೀಳುವ ಭಾರವನ್ನು ಸೊಂಟದಲ್ಲಿ ಕೂತ ಮೋಟಾರು ನೇರವಾಗಿ ಹಿಡಿಯಲಾರದು.

ವ್ಯಾಟ್ ನೋಡಬೇಡಿ, ವ್ಯಾಟ್-ಅವರ್ ನೋಡಿ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಜಾಹೀರಾತು ಓದುವ ರೀತಿಯೇ ಇದರಿಂದ ಬದಲಾಗುತ್ತದೆ, ಅದಕ್ಕೆ.

ಹೈಪರ್‌ಶೆಲ್ ಎಕ್ಸ್ ಪ್ರೋ ಮೇಲೆ 800 ವ್ಯಾಟ್ ಅಂತ ಬರೆದಿರುತ್ತದೆ, ಡಿಎನ್‌ಸಿಸ್ ಎಕ್ಸ್1 ಮೇಲೆ 900. ದೊಡ್ಡ ಅಂಕಿ ನೋಡಿದರೆ ಖುಷಿಯಾಗುತ್ತದೆ. ಆದರೆ ಅದು ಮೋಟಾರು ಒಂದು ಕ್ಷಣ ಕೊಡಬಲ್ಲ ಗರಿಷ್ಠ ಸಾಮರ್ಥ್ಯ. ಎಕ್ಸ್ ಪ್ರೋ ಬ್ಯಾಟರಿ 72 ವ್ಯಾಟ್-ಅವರ್, ಅಂದರೆ 72 ವ್ಯಾಟ್‌ನಂತೆ ಒಂದು ಗಂಟೆ ಓಡಿಸುವಷ್ಟು ಶಕ್ತಿ. 800 ವ್ಯಾಟ್ ನಿರಂತರ ಓಡಿಸಿದರೆ ಆ ಬ್ಯಾಟರಿ ಐದೂವರೆ ನಿಮಿಷವೂ ಬಾಳುವುದಿಲ್ಲ. ಅದೇ ಬ್ಯಾಟರಿಯಲ್ಲಿ 17.5 ಕಿಲೋಮೀಟರ್ ಬರುತ್ತದೆ ಅಂತಲೂ ಕಂಪನಿ ಹೇಳುತ್ತದೆ. ಎರಡೂ ಸುಳ್ಳಲ್ಲ, ಎರಡೂ ಒಟ್ಟಿಗೆ ಆಗುವುದಿಲ್ಲ, ಅಷ್ಟೇ. ಮೂರು ಗಂಟೆ ಬ್ಯಾಟರಿ ಬಾಳಬೇಕೆಂದರೆ ಸರಾಸರಿ 24 ವ್ಯಾಟ್ ಮಾತ್ರ ಖರ್ಚು ಮಾಡಬಹುದು. ನಿಮ್ಮ ಜೊತೆ ಬೆಟ್ಟ ಹತ್ತುವುದು ಆ 24, ಪೆಟ್ಟಿಗೆಯ ಮೇಲಿನ 800 ಅಲ್ಲ.

24 ವ್ಯಾಟ್ ಅಂದರೆ ಕಡಿಮೆಯಾ? ನೋಡಿ. ನಿಮ್ಮ ತೂಕ 70 ಕೆಜಿ, ಬೆನ್ನ ಮೇಲೆ 10 ಕೆಜಿ ಅಂತಿಟ್ಟುಕೊಳ್ಳಿ. ಗಂಟೆಗೆ 400 ಮೀಟರ್ ಎತ್ತರ ಗಳಿಸುತ್ತಾ ಹತ್ತುವುದು ಒಳ್ಳೆಯ ವೇಗ. ಆ 80 ಕೆಜಿಯನ್ನು ಅಷ್ಟು ಮೇಲೆತ್ತಲು ಬೇಕಾಗುವುದು ಸುಮಾರು 87 ವ್ಯಾಟ್. ಅದರಲ್ಲಿ ಯಂತ್ರದ 24 ಪೂರ್ತಿ ಉಪಯೋಗಕ್ಕೆ ಬಂದರೆ ಕಾಲುಭಾಗಕ್ಕಿಂತ ತುಸು ಹೆಚ್ಚು. ನಮ್ಮ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಏರಿನ ಕೆಲಸಕ್ಕೆ ಬರುವುದು ಸುಮಾರು ನಾಲ್ಕನೇ ಒಂದು ಪಾಲು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಯಂತ್ರ ಒಂದು ವ್ಯಾಟ್ ಕೆಲಸ ಹಂಚಿಕೊಂಡರೆ ಮೈ ಸುಮಾರು ನಾಲ್ಕು ವ್ಯಾಟ್ ಸುಡುವುದು ಉಳಿಯುತ್ತದೆ. ಸಣ್ಣ ಬ್ಯಾಟರಿಯ ಸಹಾಯವೂ ಉಸಿರಿನಲ್ಲಿ, ಬೆವರಿನಲ್ಲಿ ಎದ್ದು ಕಾಣುವುದು ಅದಕ್ಕೇ.

ಇನ್ನೊಂದು ಕಡೆಯಿಂದಲೂ ನೋಡಬಹುದು. 72 ವ್ಯಾಟ್-ಅವರ್ ಒಂದಿಷ್ಟೂ ಪೋಲಾಗದೆ ಬರೀ ಎತ್ತಲು ಬಳಕೆಯಾದರೂ ಆ 80 ಕೆಜಿಯನ್ನು ಸುಮಾರು 330 ಮೀಟರ್ ಮೇಲೇರಿಸಬಹುದು. ಪೋಲಾಗುವುದು ಇದ್ದೇ ಇರುತ್ತದೆ, ಆದ್ದರಿಂದ ನಿಜದಲ್ಲಿ ಇನ್ನೂ ಕಡಿಮೆ. ನಿಮ್ಮ ದಾರಿಯಲ್ಲಿ ಒಟ್ಟು ಸಾವಿರ ಮೀಟರ್ ಏರಿದೆ ಅಂದರೆ ಒಂದು ಬ್ಯಾಟರಿ ನಿಮ್ಮನ್ನು ಹೊತ್ತೊಯ್ಯುವುದಿಲ್ಲ. ಹೆಚ್ಚಿನದನ್ನು ನೀವೇ ಹತ್ತುತ್ತೀರಿ. ಹೆಚ್ಚುವರಿ ಬ್ಯಾಟರಿ ಎಷ್ಟು ಬೇಕು ಅಂತ ಕಿಲೋಮೀಟರ್ ನೋಡಿ ನಿರ್ಧರಿಸಬೇಡಿ, ಏರಿನ ಮೀಟರ್ ನೋಡಿ. ಜಾಹೀರಾತಿನ ಕಿಲೋಮೀಟರ್ ಸಾಮಾನ್ಯವಾಗಿ ಕಡಿಮೆ ಸಹಾಯದ ಮೋಡ್‌ನಲ್ಲಿ, ಸುಲಭದ ನೆಲದಲ್ಲಿ ಅಳೆದದ್ದು.

ಎರಡು ಸಾಧನ ಹೋಲಿಸುವಾಗ ಹಾಗಾಗಿ ನಾನು ಮೊದಲು ನೋಡುವುದು ಬ್ಯಾಟರಿಯ ವ್ಯಾಟ್-ಅವರ್, ಅದು ಕಳಚಿ ಬದಲಿಸುವಂಥದ್ದಾ, ಎರಡನೆಯ ಬ್ಯಾಟರಿ ಜೊತೆಗೇ ಬರುತ್ತದಾ. ಗರಿಷ್ಠ ವ್ಯಾಟ್ ಓಡುವವರಿಗೆ, ಕಡಿದಾದ ಮೆಟ್ಟಿಲು ಹಾರಿ ಹತ್ತುವವರಿಗೆ ಸ್ವಲ್ಪ ಮುಖ್ಯ. ನಡೆಯುವವರಿಗೆ 400 ಆದರೂ 1000 ಆದರೂ ದಿನದ ಕೊನೆಗೆ ಅಂಥ ವ್ಯತ್ಯಾಸ ಕಾಣದು.

ಮಂಡಿಯ ಯಂತ್ರಗಳು

ಇಳಿಜಾರೇ ನಿಮ್ಮ ಕಷ್ಟವಾದರೆ ಇಲ್ಲಿ ನೋಡಿ. ನನ್ನದೂ ಅದೇ ಕಷ್ಟ, ಆದ್ದರಿಂದ ಈ ವರ್ಗದ ಮೇಲೆ ನನಗೆ ಪ್ರೀತಿ ಸ್ವಲ್ಪ ಹೆಚ್ಚು.

ಹೊರಾಂಗಣದ ಬಟ್ಟೆ ತಯಾರಿಸುವ ಆರ್ಕ್‌ಟೆರಿಕ್ಸ್ ಮತ್ತು ಗೂಗಲ್‌ನ ಎಕ್ಸ್ ಪ್ರಯೋಗಾಲಯದಿಂದ ಹೊರಬಂದ ಸ್ಕಿಪ್ ಎಂಬ ಕಂಪನಿ ಸೇರಿ 2024ರಲ್ಲಿ ಮೋಗೋ ಅನ್ನುವ ಪ್ಯಾಂಟು ಪ್ರಕಟಿಸಿದವು. ಮೌಂಟನ್ ಗೋಟ್, ಅಂದರೆ ಬೆಟ್ಟದ ಮೇಕೆ, ಅನ್ನುವುದರ ಚಿಕ್ಕ ರೂಪ ಅದು. ಚಾರಣದ ಪ್ಯಾಂಟಿನ ಒಳಗೇ ಆಧಾರದ ಪಟ್ಟಿ, ಮಂಡಿಯ ಹತ್ತಿರ ಕೂರಿಸುವ ಮೋಟಾರು. ಹತ್ತುವಾಗ ಮಂಡಿ ನೆಟ್ಟಗಾಗಲು ಬಲ ಕೊಡುತ್ತದೆ, ಇಳಿಯುವಾಗ ಮಂಡಿ ಮಡಿಚುವುದನ್ನು ನಿಧಾನಿಸಿ ಭಾರ ಹಂಚಿಕೊಳ್ಳುತ್ತದೆ. ಡಿಎನ್‌ಸಿಸ್ ಕೂಡ 2025ರಲ್ಲಿ ಜ಼ೆಡ್1 ಎಂಬ ಮಂಡಿಯ ಸಾಧನದೊಂದಿಗೆ ಬಂತು. ಅದೇ ವರ್ಷ ಅಸೆಂಟಿಜ಼್ ಎಂಬ ಕಂಪನಿ ಸೊಂಟದ್ದನ್ನೂ ಮಂಡಿಯದನ್ನೂ ಬೇಕಾದಂತೆ ಜೋಡಿಸಿಕೊಳ್ಳುವ ವ್ಯವಸ್ಥೆ ಮುಂದಿಟ್ಟಿತು. ರೋಮ್ ರೊಬಾಟಿಕ್ಸ್ ಎಂಬ ಕಂಪನಿ ಅದಕ್ಕೂ ಮುಂಚೆಯೇ ಗಾಳಿಯ ಒತ್ತಡದಿಂದ ಮಂಡಿಗೆ ಆಧಾರ ಕೊಡುವ ಸಾಧನವನ್ನು ಸ್ಕೀ ಆಡುವವರಿಗಾಗಿ ಮಾಡಿತ್ತು. ಸ್ಕೀ ಅಂದರೆ ಇಡೀ ದಿನ ಮಡಿಚಿದ ಮಂಡಿಯಲ್ಲಿ ಇಳಿಯುವುದೇ ತಾನೇ.

ಮಂಡಿಯದ್ದರಲ್ಲಿ ಎರಡು ತೊಂದರೆ. ಒಂದು, ಭಾರ ಕಾಲಿನ ಮೇಲೇ ಇರುತ್ತದೆ. ಹಾಗಾಗಿ ಸಮತಟ್ಟು ದಾರಿಯಲ್ಲಿ ಅದು ಕೊಡುವುದಕ್ಕಿಂತ ಕೇಳುವುದೇ ಹೆಚ್ಚಾಗಬಹುದು. ಎರಡು, ಜಾರುವುದು. ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ಪಟ್ಟಿ ಎಷ್ಟು ಬಿಗಿದರೂ ಸಾವಿರ ಹೆಜ್ಜೆಯ ನಂತರ ಒಂದು ಬೆರಳಷ್ಟು ಕೆಳಗಿಳಿದಿರುತ್ತದೆ. ಯಂತ್ರದ ಕೀಲು ನಿಮ್ಮ ಕೀಲಿಗೆ ನೇರವಾಗಿ ಕೂರದಿದ್ದರೆ ಬಲ ತಪ್ಪು ದಿಕ್ಕಿಗೆ ಹೋಗುತ್ತದೆ, ಚರ್ಮ ಉಜ್ಜುತ್ತದೆ. ನಮ್ಮ ಮಂಡಿ ಬಾಗಿಲ ತಿರುಗಣೆಯ ಹಾಗೆ ಒಂದೇ ಬಿಂದುವಿನಲ್ಲಿ ತಿರುಗುವುದಿಲ್ಲ, ತಿರುಗುತ್ತಾ ಸ್ವಲ್ಪ ಜಾರುತ್ತದೆ ಕೂಡ. ಪ್ಯಾಂಟಿನೊಳಗೇ ಪಟ್ಟಿ ಸೇರಿಸುವ ಯೋಚನೆ ನನಗೆ ಇಷ್ಟವಾದದ್ದು ಇದಕ್ಕೇ, ಸೊಂಟದಿಂದಲೇ ಹಿಡಿತ ಸಿಗುತ್ತದೆ.

ಇಳಿಜಾರಿನ ಮಂಡಿನೋವು ಆಗೊಮ್ಮೆ ಈಗೊಮ್ಮೆ ಮಾತ್ರ ಬರುತ್ತಿದ್ದರೆ ಯಂತ್ರಕ್ಕೆ ಮುಂಚೆ ಎರಡು ಚಾರಣದ ಕೋಲು ತೆಗೆದುಕೊಂಡು ನೋಡಿ. ಕೋಲು ಇಳಿಯುವಾಗ ಮಂಡಿಯ ಭಾರದಲ್ಲಿ ಒಂದು ಪಾಲನ್ನು ತೋಳಿಗೆ ದಾಟಿಸುತ್ತದೆ, ಚಾರ್ಜು ಕೇಳುವುದಿಲ್ಲ, ಜಾರಿದಾಗ ಆಸರೆಯೂ ಆಗುತ್ತದೆ. ಕೋಲು ಸಾಲದು ಅಂತ ಖಚಿತವಾದ ಮೇಲೆ ಮಂಡಿಯ ಯಂತ್ರ.

ಕಣಕಾಲು: ಸಂಶೋಧನೆ ಜಾಸ್ತಿ, ಅಂಗಡಿಯಲ್ಲಿ ಕಡಿಮೆ

ಪ್ರಯೋಗಾಲಯಗಳಿಗೆ ಅಚ್ಚುಮೆಚ್ಚಿನ ಕೀಲು ಇದು. ಎಕ್ಸೋಸ್ಕೆಲಿಟನ್ ಹಾಕಿಕೊಂಡವರು ಹಾಕಿಕೊಳ್ಳದವರಿಗಿಂತ ಕಡಿಮೆ ಶಕ್ತಿಯಲ್ಲಿ ನಡೆಯಬಹುದು ಅಂತ ತೋರಿಸುವುದೇ ಬಹಳ ಕಾಲ ಕಷ್ಟವಾಗಿತ್ತು, ಯಂತ್ರದ ಭಾರವೇ ಲಾಭ ತಿಂದುಹಾಕುತ್ತಿತ್ತು. 2013ರಲ್ಲಿ ಬೆಲ್ಜಿಯಂನ ಘೆಂಟ್‌ನಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಕಣಕಾಲಿನ ಸಾಧನ ಆ ಗಡಿ ದಾಟಿತು. ಆಗ ಗೊತ್ತಾದ ಮುಖ್ಯ ಸಂಗತಿ, ಒತ್ತು ಕೊಡುವ ಕ್ಷಣ ಸರಿಯಿರಬೇಕು ಅನ್ನುವುದು. ಸ್ವಲ್ಪ ಬೇಗ ಅಥವಾ ತಡವಾದರೂ ಲಾಭ ಕರಗುತ್ತದೆ. ಎರಡು ವರ್ಷದ ನಂತರ, 2015ರಲ್ಲಿ, ಸಂಶೋಧಕ ಸ್ಟೀವ್ ಕಾಲಿನ್ಸ್ ಮತ್ತು ಸಂಗಡಿಗರು ಮೋಟಾರೂ ಇಲ್ಲದ, ಬ್ಯಾಟರಿಯೂ ಇಲ್ಲದ, ಒಂದು ಸ್ಪ್ರಿಂಗ್ ಮತ್ತು ಒಂದು ಕ್ಲಚ್ ಇರುವ ಕಣಕಾಲಿನ ಸಾಧನದಿಂದ ನಡಿಗೆಯ ಶಕ್ತಿ ಖರ್ಚನ್ನು ಸುಮಾರು 7 ಶೇಕಡಾ ಇಳಿಸಿದರು. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಚೆಂದ ಅನ್ನಿಸುವ ಕೆಲಸ ಅದು. ಪಾದ ನೆಲ ಮುಟ್ಟಿದಾಗ ಕ್ಲಚ್ ಹಿಡಿಯುತ್ತದೆ, ಮೈ ಮುಂದೆ ಬಾಗಿದಂತೆ ಸ್ಪ್ರಿಂಗ್ ಹಿಗ್ಗುತ್ತದೆ, ಹಿಮ್ಮಡಿ ಏಳುವಾಗ ಅದೇ ಶಕ್ತಿ ವಾಪಸ್ ಬರುತ್ತದೆ, ಪಾದ ಗಾಳಿಯಲ್ಲಿರುವಾಗ ಕ್ಲಚ್ ಬಿಟ್ಟುಕೊಡುತ್ತದೆ. ಮೀನಖಂಡ ಹಿಡಿದು ನಿಲ್ಲುವ ಶ್ರಮವನ್ನು ಸ್ಪ್ರಿಂಗ್ ವಹಿಸಿಕೊಳ್ಳುತ್ತದೆ, ಅಷ್ಟೇ.

2022ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಾಲಿನ್ಸ್ ಅವರ ತಂಡವೇ ಮೋಟಾರು ಇರುವ ಬೂಟು ತಯಾರಿಸಿ, ಪ್ರತಿಯೊಬ್ಬರ ನಡಿಗೆಗೂ ಹೊಂದುವಂತೆ ಅದು ತಾನೇ ಕಲಿಯುವ ಹಾಗೆ ಮಾಡಿತು. ಟ್ರೆಡ್‌ಮಿಲ್ ಬಿಟ್ಟು ಹೊರಗೆ ನಡೆದಾಗ ಮಾಮೂಲಿ ಬೂಟಿಗಿಂತ ಶಕ್ತಿ ಖರ್ಚು 17 ಶೇಕಡಾ ಇಳಿಯಿತು, ನಡಿಗೆಯ ವೇಗ 9 ಶೇಕಡಾ ಏರಿತು.

ಹಾಗಾದರೆ ಅಂಗಡಿಯಲ್ಲಿ ಯಾಕೆ ಕಾಣುವುದಿಲ್ಲ? ಅದೇ ಪಾದದ ಭಾರದ ಸಮಸ್ಯೆ, ಜೊತೆಗೆ ಕಲ್ಲು, ಬೇರು, ಕೆಸರಿಗೆ ನೇರವಾಗಿ ಸಿಗುವ ಜಾಗ. ನೈಕಿ ಕಂಪನಿ ಡೆಫಿ ಎಂಬ ರೊಬಾಟಿಕ್ಸ್ ಕಂಪನಿಯ ಜೊತೆ ಸೇರಿ 2025ರಲ್ಲಿ ಪ್ರಾಜೆಕ್ಟ್ ಆಂಪ್ಲಿಫೈ ಅನ್ನುವ ಮೋಟಾರು ಬೂಟು ತೋರಿಸಿತು. ನಿಧಾನ ಓಟಗಾರರು, ನಡೆಯುವವರು ಅವರ ಗುರಿ, ಸ್ಪರ್ಧೆಯ ಓಟಗಾರರಲ್ಲ. ಒಳ್ಳೆಯ ಸೂಚನೆ. ಸಮತಟ್ಟು ದಾರಿಯಲ್ಲಿ ದಿನಾ ತುಂಬಾ ನಡೆಯುವವರು ನೀವಾದರೆ, ಈಗ ಇರುವ ಸೊಂಟದ ಯಂತ್ರದಿಂದ ನಿಮಗೆ ಅಷ್ಟು ಲಾಭ ಆಗುತ್ತಿಲ್ಲ ಅನ್ನಿಸಿದರೆ, ಕಣಕಾಲಿನ ಸಾಧನ ಪಕ್ವವಾಗುವವರೆಗೆ ಕಾಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೆಟ್ಟದ ದಾರಿಗೆ ಇದನ್ನು ನಾನು ಸದ್ಯಕ್ಕೆ ಹೇಳಲಾರೆ.

ಬಟ್ಟೆಯಂಥವು

ಗಟ್ಟಿ ತೋಳಿಲ್ಲದೆ, ಬಟ್ಟೆ ಮತ್ತು ತಂತಿಯಿಂದಲೇ ಎಳೆಯುವ ಮೃದು ಸೂಟ್‌ಗಳೂ ಇವೆ. ಹಾರ್ವರ್ಡ್‌ನ ಕಾನರ್ ವಾಲ್ಶ್ ತಂಡ 2019ರಲ್ಲಿ ಪ್ರಕಟಿಸಿದ, 5 ಕೆಜಿ ತೂಕದ, ಹೆಚ್ಚಿನ ಭಾರ ಸೊಂಟದಲ್ಲೇ ಇರುವ ಸೂಟ್ ನಡಿಗೆಯಲ್ಲಿ 9.3 ಶೇಕಡಾ, ಓಟದಲ್ಲಿ 4 ಶೇಕಡಾ ಶಕ್ತಿ ಉಳಿಸಿತು. ಸೊಂಟದಿಂದ 7.4 ಕೆಜಿ ಭಾರ ಇಳಿಸಿ ನಡೆದಷ್ಟು ಅದು. ಮೈಗೆ ಹಿತ, ಕೂರುವುದೂ ಸುಲಭ. ಆದರೆ ದೊಡ್ಡ ಬಲ ಕೊಡಲು ಬಟ್ಟೆ ಮೈಯನ್ನೇ ಎಳೆಯಬೇಕಾಗುತ್ತದೆ, ಆದ್ದರಿಂದ ಕಡಿದಾದ ಏರಿಗೆ ಗಟ್ಟಿ ತೋಳಿನದೇ ಮೇಲು.

ಶೇಕಡಾ ಲೆಕ್ಕದಲ್ಲಿ ಒಂದು ಪ್ರಶ್ನೆ ಕೇಳಿ

ಮೇಲೆ ಹೇಳಿದ ಸಂಶೋಧನೆಗಳ 7, 9, 17 ಶೇಕಡಾ ನೋಡಿದಿರಿ. ಈಗ ಜಾಹೀರಾತುಗಳಲ್ಲಿ 30, 40, 50 ಶೇಕಡಾ ಕಾಣುತ್ತದೆ. ಅದು ಹೇಗೆ? ಯಾವುದಕ್ಕೆ ಹೋಲಿಸಿದ್ದು ಅಂತ ಕೇಳಿ. ಯಂತ್ರ ಕಟ್ಟಿಕೊಂಡು ಆಫ್ ಮಾಡಿ ನಡೆದದ್ದಕ್ಕೆ ಹೋಲಿಸಿದರೆ ಅಂಕಿ ದೊಡ್ಡದು ಬರುತ್ತದೆ, ಯಾಕೆಂದರೆ ಸತ್ತ ಯಂತ್ರದ ಭಾರವೂ ಆ ಲೆಕ್ಕದಲ್ಲಿ ಸೇರಿದೆ. ಯಂತ್ರವೇ ಇಲ್ಲದೆ ನಡೆದದ್ದಕ್ಕೆ ಹೋಲಿಸಿದ್ದೇ ನಿಮಗೆ ಬೇಕಾದ ಅಂಕಿ. ಒಂದು ಸ್ನಾಯುವಿನ ಚಟುವಟಿಕೆ 40 ಶೇಕಡಾ ಇಳಿಯಿತು ಅನ್ನುವುದೂ ಇಡೀ ಮೈಯ ದಣಿವು 40 ಶೇಕಡಾ ಇಳಿಯಿತು ಅನ್ನುವುದೂ ಒಂದೇ ಅಲ್ಲ. ಟ್ರೆಡ್‌ಮಿಲ್ ಮೇಲೆ ಒಂದೇ ವೇಗ, ಒಂದೇ ಏರು. ಕಾಡುದಾರಿಯಲ್ಲಿ ನಿಲ್ಲುತ್ತೀರಿ, ಬಾಗುತ್ತೀರಿ, ಪಕ್ಕಕ್ಕೆ ಹೆಜ್ಜೆ ಇಡುತ್ತೀರಿ, ಬಂಡೆ ಏರುತ್ತೀರಿ. ಪ್ರತಿ ಸಲ ಸೆನ್ಸರ್‌ಗಳು ನಿಮ್ಮ ನಡಿಗೆ ಮತ್ತೆ ಗುರುತಿಸಬೇಕು.

ಇಲ್ಲೇ ಒಳ್ಳೆಯ ಸಾಫ್ಟ್‌ವೇರ್ ಮತ್ತು ಸಾಧಾರಣದ್ದು ಬೇರೆಯಾಗುವುದು. ಬಂಡೆಯ ಮೇಲೆ ಕಾಲು ಊರಲು ಜಾಗ ಹುಡುಕುತ್ತಿರುವಾಗ ಯಂತ್ರ ತೊಡೆಯನ್ನು ಮುಂದಕ್ಕೆ ತಳ್ಳಿದರೆ ಅದು ಅಪಾಯ. ಕೊಳ್ಳುವ ಮುಂಚೆ ಇದನ್ನು ಖಂಡಿತ ಪರೀಕ್ಷಿಸಿ. ಹಾಗೆಯೇ ಒಂದು ಗುಂಡಿ ಒತ್ತಿದರೆ ತಕ್ಷಣ ಸಹಾಯ ನಿಲ್ಲುವಂತಿರಬೇಕು. ಫೋನ್ ತೆಗೆದು ಆ್ಯಪ್ ತೆರೆದು ನಿಲ್ಲಿಸಬೇಕಾದರೆ ಆ ಸಾಧನ ಬೆಟ್ಟಕ್ಕೆ ಬೇಡ.

ಪೆಟ್ಟಿಗೆಯ ಮೇಲೆ ಬರೆಯದ ಸಂಗತಿಗಳು

ದೊಡ್ಡ ಬ್ಯಾಕ್‌ಪ್ಯಾಕ್‌ನ ಸೊಂಟಪಟ್ಟಿ ಕೂರುವುದು ಎಲ್ಲಿ? ಎಕ್ಸೋಸ್ಕೆಲಿಟನ್ ಬೆಲ್ಟು ಕೂರುವ ಜಾಗದಲ್ಲೇ. ಚೀಲದ ಪಟ್ಟಿಯನ್ನು ಮೇಲೆ ಕಟ್ಟಿದರೆ ಹೊಟ್ಟೆ ಬಿಗಿಯುತ್ತದೆ, ಬಿಟ್ಟರೆ ಚೀಲದ ಭಾರವೆಲ್ಲ ಹೆಗಲಿಗೆ ಬೀಳುತ್ತದೆ. ಒಂದು ದಿನದ ಸಣ್ಣ ಚೀಲದವರಿಗೆ ಚಿಂತೆಯಿಲ್ಲ, ಡೇರೆ ಹೊತ್ತು ಹಲವು ದಿನ ನಡೆಯುವವರು ತಮ್ಮ ಚೀಲವನ್ನೇ ತುಂಬಿಸಿಕೊಂಡು ಹೋಗಿ ಕಟ್ಟಿ ನೋಡಬೇಕು. ಹಲವು ದಿನ ಅಂದರೆ ಚಾರ್ಜಿಂಗ್ ಪ್ರಶ್ನೆಯೂ ಬರುತ್ತದೆ. ಎರಡನೆಯ ದಿನ ಚಾರ್ಜು ಎಲ್ಲಿಂದ? ಪವರ್ ಬ್ಯಾಂಕು, ಹೆಚ್ಚುವರಿ ಬ್ಯಾಟರಿ ಅಂತ ಒಂದೊಂದೇ ಸೇರಿಸುತ್ತಾ ಹೋದರೆ ಚೀಲ ಭಾರವಾಗಿ ಲಾಭ ಕೈಜಾರುತ್ತದೆ.

ಅಳತೆ ಇನ್ನೊಂದು. ಸೊಂಟದ ಸುತ್ತಳತೆಗೆ, ಎತ್ತರಕ್ಕೆ ಕಂಪನಿಗಳು ಮಿತಿ ಕೊಟ್ಟಿರುತ್ತವೆ, ಗಿಡ್ಡ ಮೈಕಟ್ಟಿನವರು ಮತ್ತು ಅಗಲ ಸೊಂಟದವರು ಇದನ್ನು ಮೊದಲು ನೋಡಬೇಕು. ಸಡಿಲ ಪ್ಯಾಂಟಿನ ಮೇಲೆ ಪಟ್ಟಿ ಜಾರುತ್ತದೆ. ಕುಳಿತು ಊಟ ಮಾಡಲು, ಶೌಚಕ್ಕೆ ಹೋಗಲು ಎಷ್ಟು ಬೇಗ ಬಿಚ್ಚಿ ಕಟ್ಟಬಹುದು ಅಂತ ಯಾರೂ ಕೇಳುವುದಿಲ್ಲ, ದಾರಿಯಲ್ಲಿ ಅದೇ ಐದಾರು ಸಲ ಬೇಕಾಗುತ್ತದೆ.

ಮಳೆಗೆ: ಐಪಿ54 ಅಂತಿದ್ದರೆ ನೀರಿನ ಸಿಡಿತ ತಡೆಯುತ್ತದೆ ಅಂತ ಅರ್ಥ. ಹೊಳೆ ದಾಟುವಾಗ ಮುಳುಗಿಸಬಹುದು ಅಂತಲ್ಲ. ಚಳಿಗೆ: ಲಿಥಿಯಂ ಬ್ಯಾಟರಿ ತಣ್ಣಗಾದಷ್ಟೂ ಕಡಿಮೆ ಕೊಡುತ್ತದೆ, ಎರಡನೆಯದನ್ನು ಜಾಕೆಟ್ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಿ. ವಿಮಾನಕ್ಕೆ: ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಒಯ್ಯಬೇಕು, 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, 100ರಿಂದ 160 ಇದ್ದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಸದ್ದು: ಮೋಟಾರಿನ ಸಣ್ಣ ಗುಂಯ್ ಪ್ರತಿ ಹೆಜ್ಜೆಗೂ ಇರುತ್ತದೆ. ಹಕ್ಕಿಯ ದನಿ ಕೇಳಲು ಕಾಡಿಗೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಸ್ನಾಯು ಸೊರಗಿಹೋಗುತ್ತದಾ ಅಂತ ಕೆಲವರಿಗೆ ಭಯ. ಒಂದು ಗಂಟೆ ನಡೆಯುತ್ತಿದ್ದವರು ಯಂತ್ರ ಕಟ್ಟಿ ಅದೇ ಒಂದು ಗಂಟೆ ನಡೆದರೆ ವ್ಯಾಯಾಮ ಕಡಿಮೆಯಾಗುತ್ತದೆ, ಅದು ನಿಜ. ಮೂರು ಗಂಟೆ ನಡೆದರೆ? ಮಂಡಿನೋವಿಗೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದವರು ಹೊರಗೆ ಬಂದರೆ? ಅಲ್ಲಿ ಲಾಭವೇ. ಕೆಲವು ಸಾಧನಗಳಲ್ಲಿ ಉಲ್ಟಾ ತಡೆ ಕೊಟ್ಟು ಸ್ನಾಯುವನ್ನು ದುಡಿಸುವ ಮೋಡ್ ಕೂಡ ಇದೆ, ವಾರದ ದಿನಗಳಲ್ಲಿ ಅದನ್ನು ಬಳಸಬಹುದು.

ಕೀಲು ಬದಲಿಸಿದವರು, ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ತಲೆಸುತ್ತು ಬಂದು ಸಮತೋಲ ತಪ್ಪುವವರು ವೈದ್ಯರನ್ನು ಕೇಳದೆ ಕಟ್ಟಿಕೊಳ್ಳಬೇಡಿ. ಸುಮ್ನೆ ಹೇಳುವ ಮಾತಲ್ಲ ಇದು. ಯಂತ್ರ ಕಾಲನ್ನು ತಳ್ಳುತ್ತದೆ, ಬೀಳುವುದನ್ನು ತಡೆಯುವುದಿಲ್ಲ.

ಇನ್ನೊಂದು ಮಾತು ನನ್ನ ಅನುಭವದಿಂದ. ಒಮ್ಮೆ ಸಹಾಯ ಚೆನ್ನಾಗಿದೆ ಅಂತ ಅಂದುಕೊಂಡದ್ದಕ್ಕಿಂತ ಮುಂದಿನ ದಿಬ್ಬಕ್ಕೂ ಹೋದೆ. ವಾಪಸಾಗುವಾಗ ಅರ್ಧ ದಾರಿಯಲ್ಲಿ ಬ್ಯಾಟರಿ ಮುಗಿಯಿತು. ಅಲ್ಲಿಯವರೆಗೆ ಗೊತ್ತೇ ಆಗದ ದಣಿವು ಆಗ ಒಟ್ಟಿಗೆ ಬಂತು, ಕತ್ತಲಾಗುವುದರೊಳಗೆ ಇಳಿಯಲು ಬಹಳ ಕಷ್ಟಪಟ್ಟೆ. ಅಂದಿನಿಂದ ಯಂತ್ರವಿಲ್ಲದೆ ನಡೆದು ಮರಳಬಲ್ಲ ದೂರಕ್ಕಷ್ಟೇ ಯಂತ್ರ ಕಟ್ಟಿಕೊಂಡು ಹೋಗುತ್ತೇನೆ. ನಿಮ್ಮ ಮನೆಯ ಹಿರಿಯರಿಗೆ ಕೊಳ್ಳುತ್ತಿದ್ದರೆ ಈ ಲೆಕ್ಕ ಅವರಿಗೂ ಹೇಳಿಕೊಡಿ.

ಕಟ್ಟಿ ನೋಡುವುದು ಹೇಗೆ

ಸಾಧ್ಯವಾದರೆ ಒಂದು ದಿನ ಬಾಡಿಗೆಗೆ ತೆಗೆದುಕೊಳ್ಳಿ, ಅಥವಾ ಹಿಂತಿರುಗಿಸಲು ಅವಕಾಶ ಕೊಡುವವರಿಂದಲೇ ಕೊಳ್ಳಿ. ಅಂಗಡಿಯ ನುಣುಪು ನೆಲದ ಮೇಲೆ ಐದು ನಿಮಿಷ ನಡೆದರೆ ಎಲ್ಲವೂ ಚೆನ್ನಾಗಿಯೇ ಅನ್ನಿಸುತ್ತದೆ. ಮೈ ಹೊಂದಿಕೊಳ್ಳಲು ಸಮಯ ಬೇಕು, ಮೊದಲ ದಿನದ ಅನುಭವದ ಮೇಲೆ ತೀರ್ಪು ಕೊಡಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ, ಅರ್ಧ ಗಂಟೆಯ ಒಂದು ಏರು ಮತ್ತು ಅದೇ ಇಳಿಜಾರು ಆರಿಸಿ. ಒಂದು ದಿನ ಯಂತ್ರವಿಲ್ಲದೆ, ಇನ್ನೊಂದು ದಿನ ಕಟ್ಟಿಕೊಂಡು ಆಫ್ ಮಾಡಿ, ಮೂರನೆಯ ದಿನ ಆನ್ ಮಾಡಿ, ಮೂರೂ ದಿನ ಒಂದೇ ವೇಗದಲ್ಲಿ. ಕೈಗಡಿಯಾರದಲ್ಲಿ ಎದೆಬಡಿತ ನೋಡುವುದಿದ್ದರೆ ಬರೆದಿಟ್ಟುಕೊಳ್ಳಿ. ಮೊದಲ ದಿನಕ್ಕೂ ಮೂರನೆಯ ದಿನಕ್ಕೂ ಇರುವ ವ್ಯತ್ಯಾಸವೇ ನೀವು ಕೊಟ್ಟ ಹಣಕ್ಕೆ ಸಿಗುವುದು. ಎರಡನೆಯ ದಿನದ ಅಂಕಿ, ಬ್ಯಾಟರಿ ಮುಗಿದಾಗ ನಿಮ್ಮ ಗತಿ ಏನು ಅಂತ ಹೇಳುತ್ತದೆ. ಆಮೇಲೆ ಎರಡು ದಿನ ಬಿಟ್ಟು ಮೆಟ್ಟಿಲು ಇಳಿದು ನೋಡಿ. ತೊಡೆಯ ಮುಂಭಾಗ ಆಗಲೂ ನೋಯುತ್ತಿದ್ದರೆ ನಿಮಗೆ ಬೇಕಿದ್ದದ್ದು ಮಂಡಿಯ ಯಂತ್ರ.